ಅಕ್ಕನ ಹೆಸರಿನಲ್ಲಿ

ನನ್ನ ಸೋದರತ್ತೆಯ ಕುತ್ತಿಗೆಯ ಎಡಕ್ಕೆ ಹುಣಸೆಬೀಜದಷ್ಟು ದೊಡ್ಡ ಕಪ್ಪು ಮಚ್ಚೆಯಿತ್ತು. ಹುಟ್ಟಿದ ದಿನ ಸೂಲಗಿತ್ತಿ ಅದನ್ನು ತೋರಿಸಿದಾಗ ಅಜ್ಜಿ ಗಟ್ಟಿಯಾಗಿ ಅತ್ತಳಂತೆ. ಹಿಂದಿನ ವರ್ಷ ಶರಾವತಿಯಲ್ಲಿ ದೋಣಿ ಮಗುಚಿ ತೀರಿಹೋಗಿದ್ದ ಒಂಬತ್ತು ವರ್ಷದ ಹಿರಿಮಗಳಿಗೂ ಅಲ್ಲೇ ಅಂಥದೇ ಮಚ್ಚೆ. ಹೋದವಳೇ ಹುಟ್ಟಿ ಬಂದಳೆಂದು ಅಜ್ಜಿ ನಂಬಿದಳು. ಅವಳ ಹೆಸರನ್ನೇ ಇಟ್ಟಳು, ಪೆಟ್ಟಿಗೆಯಲ್ಲಿದ್ದ ಅವಳ ಲಂಗಗಳನ್ನೇ ತೊಡಿಸಿ ಬೆಳೆಸಿದಳು.

ಒಮ್ಮೆ ಕಳೆದುಕೊಂಡವಳನ್ನು ಮತ್ತೆ ಹೊಳೆಯ ಹತ್ತಿರ ಬಿಡಲು ಅಜ್ಜಿಗೆ ಧೈರ್ಯವಿರಲಿಲ್ಲ. ನಮ್ಮ ಮನೆ ತೆಂಕಣ ದಡದಲ್ಲಿ, ಹೈಸ್ಕೂಲು ಆಚೆ ಹೊನ್ನಾವರದಲ್ಲಿ. ಏಳನೆಯ ತರಗತಿಗೇ ಅತ್ತೆಯ ಓದು ನಿಂತಿತು. ಕುಮಟೆಯಿಂದ ಒಳ್ಳೆಯ ಸಂಬಂಧ ಬಂದಾಗಲೂ, "ಹೊಳೆ ದಾಟಿಸಿ ಕೊಡೂದಿಲ್ಲ" ಎಂದು ಅಜ್ಜಿ ಹಿಂದಕ್ಕೆ ಕಳಿಸಿದಳು. ಆಮೇಲೆ ಬೇರೆ ಯಾವುದೂ ಕೂಡಿಬರಲಿಲ್ಲ.

ಸತ್ತ ಅಕ್ಕನಿಗೆ ಹಲಸಿನಹಣ್ಣಿನ ಕಡುಬು ಇಷ್ಟವಂತೆ. ಅತ್ತೆಗೆ ಅದರ ವಾಸನೆಯೇ ಆಗದು. ಆದರೂ ಪ್ರತಿ ಬೇಸಿಗೆ ಅಜ್ಜಿಯೆದುರು ಎರಡು ತಿಂದು, ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸುತ್ತಿದ್ದಳು.

"ಎಂತಕ್ಕೆ ತಿಂತೆ ಅತ್ತೆ?" ಎಂದು ಸಣ್ಣವಳಿದ್ದಾಗ ಕೇಳಿದ್ದೆ.

"ನಾ ತಿನ್ನೂದಲ್ಲ ಮಾರಾಯ್ತಿ. ಸತ್ತ ಅಕ್ಕಂಗೆ ತಿನ್ನಿಸೂದು."

ತೊಂಬತ್ತರ ವಯಸ್ಸಿನ ಹತ್ತಿರ ಅಜ್ಜಿಗೆ ಮರೆವು ಹತ್ತಿತು. ಒಂದು ಬೆಳಿಗ್ಗೆ ಗಂಜಿ ಕುಡಿಸಲು ಕೂತ ಅತ್ತೆಯ ಕೈ ಹಿಡಿದು, "ನೀ ಯಾರೆ?" ಎಂದಳು. ಅತ್ತೆ ಹೆಸರು ಹೇಳಿದಳು.

"ಸುಳ್ಳು ಹೇಳ್ಬೇಡ. ಅದು ಹೊಳೇಲಿ ಹೋತು."

"ನಾ ನಿನ್ನ ಸಣ್ಣ ಮಗಳು, ಅಮ್ಮಾ."

ಆ ಮಾತನ್ನು ಅತ್ತೆ ಜನ್ಮದಲ್ಲಿ ಮೊದಲ ಸಲ ಆಡಿದ್ದು. "ನಂಗೆ ಇದ್ದದ್ದು ಒಂದೇ ಹೆಣ್ಣು" ಎಂದು ಅಜ್ಜಿ ಗೋಡೆಯತ್ತ ತಿರುಗಿದಳು. ಬಾಗಿಲಲ್ಲಿದ್ದ ನನಗೆ ಅತ್ತೆಯ ಬೆನ್ನು ಮಾತ್ರ ಕಾಣುತ್ತಿತ್ತು. ಅವಳು ಎದ್ದು, ಆರಿದ ಗಂಜಿಯನ್ನು ಮತ್ತೆ ಬಿಸಿ ಮಾಡಿ ತಂದಳು.

ಅಜ್ಜಿ ಹೋದ ಮೂರು ತಿಂಗಳಿಗೆ ಹೊನ್ನಾವರದ ಆಸ್ಪತ್ರೆಯಲ್ಲಿ ನನಗೆ ಮಗಳು ಹುಟ್ಟಿದಳು. ಅತ್ತೆ ರಿಕ್ಷಾ ಹತ್ತಿ, ಸೇತುವೆ ಮುಗಿಯುವತನಕ ಕಣ್ಣು ಮುಚ್ಚಿಕೊಂಡು, ಬಂದೇಬಿಟ್ಟಳು. ಅಪ್ಪ ಕೂಸನ್ನು ಎತ್ತಿಕೊಂಡು, "ನಮ್ಮಮ್ಮನೇ ವಾಪಸ್ ಬಂದ್ಲು. ಅವಳ ಹೆಸರೇ ಇಡುವ" ಎನ್ನುತ್ತಿದ್ದ. ಎಂದೂ ದನಿಯೆತ್ತದ ಅತ್ತೆ ತಮ್ಮನ ಕೈಯಿಂದ ಮಗುವನ್ನು ತೆಗೆದುಕೊಂಡಳು.

"ಯಾರೂ ಬರ್ಲಿಲ್ಲ. ಇದು ಹೊಸ ಕೂಸು. ಹೊಸ ಹೆಸರು ಇಡಿ."

ಅಪ್ಪ ತಲೆ ತಗ್ಗಿಸಿ, "ಆತು" ಎಂದ. ನಮ್ಮ ಎರಡೂ ಮನೆಗಳಲ್ಲಿ ಯಾರಿಗೂ ಇಲ್ಲದ ಹೆಸರು ನನ್ನ ಮಗಳಿಗಿದೆ. ಅದು ಅತ್ತೆ ಕೊಡಿಸಿದ್ದು.

ಹೋದ ವರ್ಷ ಅತ್ತೆ ತೀರಿಕೊಂಡಳು. ಉತ್ತರಕ್ರಿಯೆಯ ಕಾಗದದಲ್ಲಿ ಅಕ್ಕನ ಹೆಸರೇ ಅಚ್ಚಾಯಿತು. ತನಗಾಗಿ ಆರಿಸಿಕೊಳ್ಳುವುದಾದರೆ ಯಾವ ಹೆಸರು ಬೇಕಿತ್ತು ಎಂದು ನಾನಾದರೂ ಕೇಳಬಹುದಿತ್ತು. ಕೇಳಲಿಲ್ಲ.