ಲಕ್ಷ್ಮೀಪತಿ ಮೇಷ್ಟ್ರ ಗಾಜಿನ ಕೊಳವೆ

ವಿಜಯನಗರದ ಆ ಕಾಲೇಜಿನಲ್ಲಿ ಲಕ್ಷ್ಮೀಪತಿ ಮೇಷ್ಟ್ರ ಫಿಸಿಕ್ಸ್ ಲ್ಯಾಬ್ ಎಂದರೆ ದೇವರ ಕೋಣೆಯ ಮಡಿಗೂ ಒಂದು ಕೈ ಮೇಲು. ಅದರಲ್ಲೂ ನೀರಿನ ಮೇಲ್ಮೈ ಎಳೆತ ಅಳೆಯುವ ದಿನವಂತೂ ಕೇಳುವುದೇ ಬೇಡ. ಸೂಜಿ ತೂರುವಷ್ಟು ರಂಧ್ರವಿರುವ ಗಾಜಿನ ಕೊಳವೆಯನ್ನು ನೀರಿನಲ್ಲಿ ನಿಲ್ಲಿಸಿದರೆ ನೀರು ತಾನಾಗಿ ಮೇಲೇರುತ್ತದೆ. ಎಷ್ಟು ಏರಿತೆಂದು ಮೈಕ್ರೊಸ್ಕೋಪಿನಲ್ಲಿ ನೋಡಿ ಲೆಕ್ಕ ಹಾಕಬೇಕು. ಬೆರಳಿನ ಜಿಡ್ಡು ಒಂದಿಷ್ಟು ತಗುಲಿದರೂ ಲೆಕ್ಕ ಕೆಟ್ಟಿತೆಂದೇ ಅರ್ಥ. ಹುಡುಗರು ಪುಸ್ತಕದ ಉತ್ತರಕ್ಕೆ ಸರಿಹೊಂದುವಂತೆ ಅಂಕಿ ತಿದ್ದಿದರೆ ಮೇಷ್ಟ್ರು ಸೊನ್ನೆ ಹಾಕಿ, “ಕಂಡಿದ್ದನ್ನ ಬರೀರಿ. ಕಾಣದ್ದನ್ನ ಬರೆಯೋಕೆ ಇದೇನು ಜಾತಕಾನಾ?” ಎನ್ನುತ್ತಿದ್ದರು. ಆ ಮಾತು ಎಷ್ಟೋ ಬ್ಯಾಚುಗಳ ಬಾಯಿಪಾಠವಾಗಿತ್ತು.

ಹೋದ ಮಳೆಗಾಲದಲ್ಲಿ ಕೊಳವೆಯೊಳಗಿನ ನೀರಿನ ಅಂಚು ಅವರಿಗೆ ಮಸುಕಾಗತೊಡಗಿತು. ಮೈಕ್ರೊಸ್ಕೋಪಿನ ತಿರುಪು ತಿರುಗಿಸಿದರು, ಮಸುಕು ಹೋಗಲಿಲ್ಲ. ಕನ್ನಡಕದ ನಂಬರಿನ ದೋಷವಾಗಿದ್ದರೆ ಆ ತಿರುಪಿಗೇ ಸರಿಹೋಗಬೇಕಿತ್ತು. ಹೋಗದಿದ್ದರೆ ಕೆಟ್ಟಿರುವುದು ಕಣ್ಣಿನ ಒಳಗೇ. ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಬೆಳಕಿನ ಪಾಠ ಹೇಳಿ ತಲೆ ನರೆಸಿಕೊಂಡ ಮೇಷ್ಟ್ರಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೆದರಿದರು. ಕಣ್ಣು ಹೋದರೆ ಲ್ಯಾಬ್ ಹೋಯಿತು, ಲ್ಯಾಬಿಲ್ಲದ ಲಕ್ಷ್ಮೀಪತಿ ಯಾರೆಂದು ಅವರಿಗೇ ತಿಳಿದಿರಲಿಲ್ಲ. ಹಾಗಾಗಿ ಕೊಳವೆಯಲ್ಲಿ ಜಿಡ್ಡಿದೆ ಎಂದುಬಿಟ್ಟರು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಲ್ಲ, ಹಾಗೆ. ಅಟೆಂಡರ್ ಫಕೀರೇಶ ವಾಷಿಂಗ್ ಸೋಡಾ ಕಲಸಿದ ನೀರಿನಲ್ಲಿ ತೊಳೆದ. ಮತ್ತೆ ತೊಳಿ ಎಂದರು, ಮತ್ತೆ ತೊಳೆದ. ವಾರಗಟ್ಟಲೆ ಇದೇ ಆಗಿ ಅವನ ಬೆರಳಿನ ಚರ್ಮ ಸುಲಿಯಿತು.

ಗೋವಿಂದರಾಜನಗರದ ಮನೆಯಲ್ಲಿ ಹೆಂಡತಿ ಪುಟ್ಟಲಕ್ಷ್ಮಿಗೆ ಕಣ್ಣಿನ ಸಂಗತಿ ಆಗಲೇ ಗೊತ್ತಾಗಿತ್ತು. ಅವರೆಕಾಯಿ ಸುಲಿಯಲು ಕೂತರೆ ಒಂದು ಹುಳವನ್ನೂ ಬಿಡದ ಗಂಡ, ಈ ಸಲ ಕಾಳಿನ ಜೊತೆ ಹುಳವನ್ನೂ ಪಾತ್ರೆಗೆ ಹಾಕುತ್ತಿದ್ದರು. ಆಕೆ ಅಡುಗೆಮನೆಗೆ ಒಯ್ದು ಸದ್ದಿಲ್ಲದೆ ಮತ್ತೆ ಆರಿಸುತ್ತಿದ್ದಳು. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೆ, ಪ್ರಾಕ್ಟಿಕಲ್ ಪರೀಕ್ಷೆ ಮುಗಿಯಲಿ ಎಂಬ ಉತ್ತರ ಸಿದ್ಧವಿರುತ್ತಿತ್ತು.

ಒಂದು ದಿನ ಮೇಷ್ಟ್ರು ಮೊದಲ ವರ್ಷದವರಿಗೆ ಪ್ರಯೋಗ ಮಾಡಿ ತೋರಿಸಬೇಕಿತ್ತು. ಬಾಗಿ ನೋಡಿದರೆ ನಡುವೆ ಬರೀ ಬೂದು ಮಬ್ಬು. ಹುಡುಗರು ಪೆನ್ನು ಹಿಡಿದು ಕಾಯುತ್ತಿದ್ದರು. ಆ ಕೊಳವೆಯಲ್ಲಿ ನೀರು ಎಷ್ಟು ಏರುತ್ತದೆಂಬುದು ವರ್ಷಗಳಿಂದ ಅವರಿಗೆ ಕಂಠಪಾಠ. ತಿರುಪು ತಿರುಗಿಸಿದ ಹಾಗೆ ಮಾಡಿ ಆ ಅಂಕಿಯನ್ನೇ ಹೇಳಿಬಿಟ್ಟರು. ಹೇಳಿದ ಮೇಲೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಆಮೇಲೆ ನೋಡಿದ ವಿದ್ಯಾರ್ಥಿನಿ ರಕ್ಷಾ, ತನಗೆ ಅಷ್ಟು ಬರುತ್ತಿಲ್ಲ, ತೀರಾ ಕಡಿಮೆ ಬರುತ್ತಿದೆ ಎಂದಳು. ಎಣ್ಣೆ ಹಚ್ಚಿದ ತಲೆ ಮುಟ್ಟಿಕೊಂಡ ಕೈಯಲ್ಲೇ ಕೊಳವೆ ಹಿಡಿದಿರುತ್ತೀ, ತೊಳೆದುಕೊಂಡು ಬಾ ಎಂದು ಗದರಿಸಿದರು. ಅವಳು ಕೊಳವೆಯನ್ನೂ ಕೈಯನ್ನೂ ತೊಳೆದು ಬಂದು ಮತ್ತೆ ನೋಡಿದಳು. ಮತ್ತೆ ಅದೇ ಅಂಕಿ. ನೋಡಲು ಬಾರದಿದ್ದರೆ ಪಕ್ಕಕ್ಕೆ ನಿಲ್ಲು ಎಂದು ಮೇಷ್ಟ್ರು ಎಲ್ಲರೆದುರು ಅಂದಾಗ ಹುಡುಗಿಯ ಕಣ್ಣು ತುಂಬಿಬಂತು. ಕಂಡಿದ್ದನ್ನೇ ಹೇಳಿದ್ದಕ್ಕೆ ಅವಳಿಗೆ ಸಿಕ್ಕ ಉಡುಗೊರೆ ಅದು.

ಬಾಗಿಲ ಬಳಿ ನಿಂತಿದ್ದ ಫಕೀರೇಶನಿಗೆ ತಡೆಯಲಾಗಲಿಲ್ಲ.

“ಸರ್, ಸಿಟ್ಟಾಗಬ್ಯಾಡ್ರಿ. ಹಳೇ ಟ್ಯೂಬ್ ಮುಂಜಾನೆ ತೊಳೀವಾಗ ಒಡದು ಹೋತ್ರಿ. ಇದು ಬ್ಯಾರೇದು. ಇದರ ತೂತು ಸ್ವಲ್ಪ ದೊಡ್ಡದೈತಿ.”

ತೂತು ದೊಡ್ಡದಾದರೆ ನೀರು ಕಡಿಮೆ ಏರುತ್ತದೆ. ಇದನ್ನು ಆ ಹುಡುಗರಿಗೆ ಹಿಂದಿನ ವಾರ ಕಲಿಸಿದವರು ಮೇಷ್ಟ್ರೇ. ಯಾರೂ ನಗಲಿಲ್ಲ. ನಕ್ಕಿದ್ದರೆ ಬಯ್ದಾದರೂ ಬದುಕಿಕೊಳ್ಳುತ್ತಿದ್ದರು. ಎಲ್ಲರೂ ಪುಸ್ತಕದಲ್ಲಿ ಬರೆದುಕೊಂಡಿದ್ದ ಅಂಕಿಯನ್ನೂ ಅವರ ಮುಖವನ್ನೂ ನೋಡುತ್ತಿದ್ದರು. ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದು ಕೂತರು.

“ರಕ್ಷಾ, ಇನ್ನೊಂದ್ಸಲ ನೋಡಮ್ಮ. ನೀರಿನ ಅಂಚು ಹೇಗೆ ಕಾಣ್ತಿದೆ?”

ಅವಳು ಕಣ್ಣೊರೆಸಿಕೊಂಡು ಬಾಗಿದಳು. “ತುಂಬಾ ಕ್ಲಿಯರ್ ಆಗಿದೆ ಸರ್. ಪೆನ್ಸಿಲ್‌ನಲ್ಲಿ ಗೆರೆ ಎಳೆದ ಹಾಗಿದೆ.”

“ನನಗೆ ಕಾಣಲ್ಲ ಕಣಮ್ಮ. ಮಳೆಗಾಲದಿಂದ ಕಾಣ್ತಿಲ್ಲ. ನೀನು ಹೇಳಿದ್ದೇ ಸರಿ. ಎಲ್ಲರೂ ನನ್ನ ಅಂಕಿ ಹೊಡೆದುಹಾಕಿ, ಇವಳದ್ದನ್ನ ಬರ್ಕೊಳ್ಳಿ.”

ಪೆನ್ನುಗಳು ಒಟ್ಟಿಗೆ ಗೀರಿದ ಸದ್ದು ಕೇಳಿಸಿತು. ಮೇಷ್ಟ್ರು ಫಕೀರೇಶನನ್ನು ಹತ್ತಿರ ಕರೆದು ಅವನ ಕೈ ಹಿಡಿದುಕೊಂಡರು. ಸುಲಿದ ಚರ್ಮ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯಿತು.

“ಇನ್ಮೇಲೆ ತೊಳೀಬೇಡಪ್ಪ,” ಎಂದರು. “ಆ ಟ್ಯೂಬಲ್ಲಿ ಯಾವತ್ತೂ ಜಿಡ್ಡಿರಲಿಲ್ಲ.”