ಕೆಳಗಿನಿಂದ ಓದಿ

ಪೆಟ್ಟಿಗೆಯ ತಳದಲ್ಲಿ ಹಳೆಯ ಗ್ರಾಫ್ ಹಾಳೆಯೊಂದು ಸಿಕ್ಕಿತು. ಮೂಗಿಗೆ ಹಿಡಿದೆ. ಮಗ್ಗದ ಎಣ್ಣೆ, ಹಸಿ ರೇಷ್ಮೆಯ ವಾಸನೆ... ಮೊಳಕಾಲ್ಮೂರಿನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಮಗ್ಗದ ತಾತ ನೆನಪಾದ.

ಸೀರೆಯ ಅಂಚಿನ ಚಿತ್ತಾರವನ್ನು ಇಂಥ ಚೌಕದ ಹಾಳೆಯಲ್ಲಿ ಬರೆದುಕೊಂಡು ನೇಯುವುದು ನಮ್ಮ ಕಡೆಯ ರೂಢಿ. ಒಂದು ಬದಿ ಬರೆದು ಬಿಟ್ಟ ಹಾಳೆಗಳನ್ನು ತಾತ ನನಗೆ ಕೊಡುತ್ತಿದ್ದ. ನಾನೇ ಕಟ್ಟಿದ ಮಟ್ಟುಗಳನ್ನು ಅದರ ಬೆನ್ನಿಗೆ, ಚೌಕಕ್ಕೊಂದು ಸ್ವರದಂತೆ, ತುಂಬುತ್ತಿದ್ದೆ.

ಪಿಯುಸಿ ಮುಗಿದಾಗ ಸಂಗೀತ ಸಂಯೋಜನೆಯನ್ನೇ ಓದುತ್ತೇನೆಂದು ಹಟ ಹಿಡಿದೆ. ಗಾಯನ ಕಲಿತರೆ ಟೀಚರ್ ಕೆಲಸವಾದರೂ ಸಿಗುತ್ತದೆ, ನೀನು ಕಟ್ಟಿದ್ದನ್ನು ಯಾರು ಕೇಳುತ್ತಾರೆ ಎಂದು ಮಾವ ರೇಗಿದರು. ಕೇಳದಿದ್ದರೆ ಕಿವಿ ಮುಚ್ಚಿಕೊಳ್ಳಲಿ ಎಂದೆ. ಮೂರು ವಿಶ್ವವಿದ್ಯಾಲಯಗಳ ಪಠ್ಯಪಟ್ಟಿ ಹಿಡಿದು ತಾತನ ಬಳಿ ಓಡಿದೆ. ಒಂದಕ್ಕೆ ದೊಡ್ಡ ಹೆಸರು. ಇನ್ನೊಂದಕ್ಕೆ ಥಳಥಳ ಸ್ಟುಡಿಯೋ. ಮೂರನೆಯದರ ಹೆಸರನ್ನು ಯಾರೂ ಕೇಳಿರಲಿಲ್ಲ.

ತಾತ ಲಾಳಿ ನಿಲ್ಲಿಸದೆ ಎಲ್ಲ ಓದಿಸಿಕೊಂಡ. ಆಮೇಲೆ ಒಂದೇ ಪ್ರಶ್ನೆ.

"ನಿನ್ನ ಸ್ವಂತ ಡಿಸೈನು ಮಗ್ಗಕ್ಕೆ ಯಾವಾಗ ಏರುಸ್ತಾರಂತೆ?"

ಹುಡುಕಿದೆ. ಮೊದಲನೆಯದರಲ್ಲಿ ಸ್ವಂತ ರಚನೆಗೆ ಕೊನೆಯ ವರ್ಷ, ಅದೂ ಒಂದೇ ಪೇಪರು. ಎರಡನೆಯದರಲ್ಲಿ ಎರಡನೇ ವರ್ಷ. ಮೂರನೆಯದರಲ್ಲಿ ಮಾತ್ರ ಮೊದಲ ಸೆಮಿಸ್ಟರಿನಲ್ಲೇ ಬರೆಯಬೇಕು, ವಾದ್ಯದವರು ಅದನ್ನು ನುಡಿಸಿ ತೋರಿಸುತ್ತಾರೆ.

"ಹಂಗಾರೆ ಮೂರನೇದಕ್ಕೇ ಹೋಗು ಮಗಾ. ನಲವತ್ತು ವರ್ಸ ಮಂದಿ ಡಿಸೈನೇ ನೇಯ್ದೀನಿ. ನಂದು ಒಂದೂ ಮಗ್ಗ ಏರಲಿಲ್ಲ."

ಸಂದರ್ಶನಕ್ಕೆ ಸ್ವಂತ ರಚನೆ ಬೇಕಿತ್ತು. ಈ ಹಾಳೆಯನ್ನೇ ಒಯ್ದೆ. ಒಬ್ಬ ಪ್ರಾಧ್ಯಾಪಕರು ಕೀಬೋರ್ಡಿನಲ್ಲಿ ನುಡಿಸಿದರು. ತಲೆಯಿಲ್ಲ, ಬುಡವಿಲ್ಲ. ಎಲ್ಲರೂ ನಕ್ಕರು. ಆಗ ಹೊಳೆಯಿತು. ಮಗ್ಗದಲ್ಲಿ ಚಿತ್ತಾರದ ಕೆಳಗಿನ ಸಾಲನ್ನೇ ಮೊದಲು ನೇಯುವುದು. ನಾನೂ ಹಾಗೆಯೇ ಕೆಳಗಿನಿಂದ ಮೇಲಕ್ಕೆ ಬರೆದಿದ್ದೆ. ಲೋಕ ಮೇಲಿನಿಂದ ಓದುತ್ತದೆಂಬುದು ನೆನಪೇ ಇರಲಿಲ್ಲ. ತಪ್ಪು ನನ್ನದೇ, ಆದರೆ ಕ್ಷಮೆ ಕೇಳಲಿಲ್ಲ.

"ಕೆಳಗಿಂದ ಓದ್ರಿ ಸಾರ್. ನಮ್ಮೂರಾಗೆ ಹಿಂಗೇ ಬರೆಯೋದು."

"ಕುಣಿಯಲಾರದವಳು ನೆಲ ಡೊಂಕೆಂದಳಂತೆ" ಎಂದು ಗೊಣಗುತ್ತಲೇ ಅವರು ಕೆಳಗಿನಿಂದ ನುಡಿಸಿದರು. ನಗು ನಿಂತಿತು. ಸೀಟು ಸಿಕ್ಕಿತು.

ಮೊದಲ ಸೆಮಿಸ್ಟರಿನಲ್ಲಿ ಅದನ್ನೇ ಸಭೆಯಲ್ಲಿ ನುಡಿಸಿದರು. ಬಸ್ಸು ಹತ್ತಿ ಬರ್ತೀನಿ ಅಂದಿದ್ದ ತಾತ... ವಾರದ ಹಿಂದಷ್ಟೇ ತೀರಿಕೊಂಡಿದ್ದ. ಆ ಸಂಕಟ ಇವತ್ತಿಗೂ ಆರಿಲ್ಲ.

ಈಗ ಚಳ್ಳಕೆರೆಯಲ್ಲಿ ಸಂಗೀತ ಕಲಿಸುತ್ತೇನೆ. ನಿನ್ನೆ ಪಕ್ಕದ ಹಳ್ಳಿ ನನ್ನಿವಾಳದ ಶಿಷ್ಯೆಯೊಬ್ಬಳು ಫೋನಿನ ತುಂಬಾ ಕೋರ್ಸುಗಳ ಪಟ್ಟಿ ಹೊತ್ತು ಬಂದಿದ್ದಳು. "ಯಾವುದಕ್ಕೆ ದೊಡ್ಡ ಹೆಸರೈತೆ ಅಕ್ಕಾ?" ಎಂದಳು. ತಾತನ ಪ್ರಶ್ನೆಯನ್ನೇ ಅವಳಿಗೆ ಹಾಕಿದೆ. ನನ್ನ ಹಳೆಯ ಪಠ್ಯಪಟ್ಟಿಗಳನ್ನು ಅವಳಿಗೆ ಕೊಡೋಣವೆಂದು ಇವತ್ತು ಪೆಟ್ಟಿಗೆ ತೆಗೆದದ್ದು.

ಹಾಳೆಯನ್ನು ತಿರುಗಿಸಿದೆ. ಅಂದು ನಾನು ಕಣ್ಣೆತ್ತಿಯೂ ನೋಡಿರದ ಬದಿಯಲ್ಲಿ ಒಂದು ಬಳ್ಳಿ. ಮೂಲೆಯಲ್ಲಿ ತಾತನ ಸೊಟ್ಟ ಅಕ್ಷರ: 'ನಂದು'. ತಾತನ ಸ್ವಂತ ಡಿಸೈನು. ಯಾವ ಮಗ್ಗವೂ ಏರದ್ದು.

ಅದರ ಚೌಕಗಳಿಗೆ ಸ್ವರ ಕೂರಿಸಲು ಶುರುಮಾಡಿದ್ದೇನೆ, ಕೆಳಗಿನಿಂದಲೇ. ಮಗ್ಗ ಏರದಿದ್ದರೆ ಬೇಡ, ಸಭೆ ಏರಿಸುತ್ತೇನೆ. ಯಾರು ಕೇಳುತ್ತಾರೆ ಎಂದು ಈಗಲೂ ಕೆಲವರು ಅನ್ನುತ್ತಾರೆ. ಯಾರಾದರೂ ಕೇಳಲಿ, ಬಿಡಲಿ. ಕೇಳಲೇಬೇಕಾಗಿದ್ದವನೊಬ್ಬ ಇಲ್ಲ, ಅಷ್ಟೇ.