ಕೂಸನ್ನು ಹಿಡಿದು ಹೊರಗೆ ಕೂತಿದ್ದವಳು

ಅಥವಾ ಅವಳೇ ಬಾಗಿಲು ತಳ್ಳಿಕೊಂಡು ಒಳಗೆ ಬಂದಳೋ. ನನ್ನ ನೆನಪಿನಲ್ಲಿ ನಾನೇ ಎದ್ದು ಹೊರಗೆ ಹೋಗಿ, ಬೇವಿನ ಮರದ ಕೆಳಗೆ ಕೂತಿದ್ದ ಈರಮ್ಮನನ್ನು ಕರೆದೆ. ಆ ದಿನ ನನ್ನ ಜೊತೆ ಕೆಲಸದಲ್ಲಿದ್ದ ಶಬಾನಾ ಒಪ್ಪುವುದಿಲ್ಲ. “ಸಾರ್, ನೀವು ಕುರ್ಚಿ ಬಿಟ್ಟು ಎದ್ದೇ ಇಲ್ಲ. ಆಕೀನ ಬಂದ್ಲು” ಎನ್ನುತ್ತಾಳೆ. ಇಬ್ಬರೂ ಅದೇ ಕೋಣೆಯಲ್ಲಿದ್ದೆವು, ಅದೇ ಬಾಗಿಲನ್ನು ನೋಡಿದ್ದೆವು. ಆದರೂ ಹೀಗೆ.

ಅದು ಕೋವಿಡ್ ಗದ್ದಲ ತಣ್ಣಗಾದ ಮೇಲಿನ ಒಂದು ಬೇಸಿಗೆ. ನಾನು ಬಳ್ಳಾರಿಯ ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ಹಿರಿಯ ಲ್ಯಾಬ್ ಟೆಕ್ನಾಲಜಿಸ್ಟ್. ಸಿರುಗುಪ್ಪದಲ್ಲಿ ಮಲೇರಿಯಾ ಸ್ಲೈಡ್ ನೋಡುತ್ತ ಕೆಲಸ ಶುರು ಮಾಡಿ, ಕುರುಗೋಡಿನಲ್ಲಿ ಕೆಲವು ವರ್ಷ ಕಳೆದು, ನಿವೃತ್ತಿಗೆ ಹತ್ತಿರವಾದಾಗ ಇಲ್ಲಿಗೆ ಬಂದಿದ್ದೆ. ನಮ್ಮ ಕೆಲಸದಲ್ಲಿ ರೋಗಿಯ ಮುಖ ಕಾಣುವುದು ಅಪರೂಪ. ನಮಗೆ ಬರುವುದು ಹೆಸರು ಬರೆದ ಟ್ಯೂಬು. ಹುಲಿಗೆಮ್ಮ ಕೂಡ ನನಗೆ ಮೊದಲು ಟ್ಯೂಬಾಗಿಯೇ ಬಂದಳು.

ಅವಳು ಹಚ್ಚೊಳ್ಳಿಯ ಸೊಸೆ, ಬಾದನಹಟ್ಟಿಯ ಮಗಳು. ಬೆಳಗಿನ ಜಾವ ಸಿರುಗುಪ್ಪದಲ್ಲಿ ಹೆರಿಗೆಯಾಗಿ, ರಕ್ತ ನಿಲ್ಲದೆ ಆಂಬುಲೆನ್ಸ್‌ನಲ್ಲಿ ಬಳ್ಳಾರಿಗೆ ಬಂದಿದ್ದಳು. ಹಿಮೋಗ್ಲೋಬಿನ್ ನಾಲ್ಕಕ್ಕೆ ಇಳಿದಿತ್ತು. ತಾಯಿ ಕಾರ್ಡಿನಲ್ಲಿ ‘ಓ ಪಾಸಿಟಿವ್’ ಎಂದಿತ್ತು. ಈ ಕಥೆಯನ್ನು ಹೇಳುತ್ತ ಹೇಳುತ್ತ, ಆ ಕಾರ್ಡಿನ ಮೇಲೆ ನನ್ನದೇ ಕುರುಗೋಡಿನ ದಿನಗಳ ಕೈಬರಹವಿತ್ತು ಎಂದು ನಾನು ಒಂದೆರಡು ಕಡೆ ಸೇರಿಸಿದ್ದೂ ಉಂಟು. ಇರಲಿಲ್ಲ. ಕಥೆಗೆ ಚೆಂದ ಕಂಡಿದ್ದರಿಂದ ಸೇರಿಕೊಂಡಿತು, ಅಷ್ಟೇ.

ರಕ್ತ ಕೊಡುವ ಮುಂಚೆ ಕ್ರಾಸ್‌ಮ್ಯಾಚ್ ಮಾಡುತ್ತೇವೆ. ರೋಗಿಯ ಸೀರಮ್ಮಿಗೆ, ಅಂದರೆ ರಕ್ತದ ತಿಳಿಗೆ, ದಾನಿಯ ಕೆಂಪು ಕಣ ಬೆರೆಸಿ ನೋಡುವುದು. ಹೊಂದಿದರೆ ಕಣಗಳು ನುಣ್ಣಗೆ ಹರಡಿಕೊಳ್ಳುತ್ತವೆ, ಹೊಂದದಿದ್ದರೆ ಗಂಟು ಕಟ್ಟುತ್ತವೆ. ನಮ್ಮ ಫ್ರಿಜ್ಜಿನಲ್ಲಿ ಓ ಗುಂಪಿನ ಬ್ಯಾಗುಗಳಿಗೆ ಕೊರತೆ ಇರಲಿಲ್ಲ. ಒಂದಾದ ಮೇಲೊಂದು ಹಾಕಿದೆವು.

“ಸಾರ್, ಇದೂ ಗಂಟಾತು” ಎಂದಳು ಶಬಾನಾ. ಮತ್ತೊಂದು. “ಇದೂ.”

ಆಮೇಲೆ ಅವಳ ಸೀರಮ್ಮನ್ನೇ ಬೇರೆ ರೀತಿಯಲ್ಲಿ ಪರೀಕ್ಷಿಸಿದಾಗ ಗೊತ್ತಾಯಿತು: ಹುಲಿಗೆಮ್ಮನದು ಓ ಅಲ್ಲ, ಬಾಂಬೆ ಗುಂಪು. ನಮ್ಮೆಲ್ಲರ ಕೆಂಪು ಕಣಗಳ ಮೇಲೆ ಎಚ್ ಎಂಬ ಒಂದು ಅಡಿಪಾಯವಿರುತ್ತದೆ. ಎ ಮತ್ತು ಬಿ ಅದರ ಮೇಲೆ ಕೂರುತ್ತವೆ. ಕೆಲವೇ ಕೆಲವರಲ್ಲಿ ಆ ಅಡಿಪಾಯವೇ ಇರುವುದಿಲ್ಲ. ಮೇಲುಮೇಲಿನ ಪರೀಕ್ಷೆಗೆ ಅವರು ಓ ಎಂದೇ ಕಾಣುತ್ತಾರೆ, ಆದರೆ ಓ ರಕ್ತ ಹಾಕಿದರೆ ಅದೇ ಅವರನ್ನು ಕೊಲ್ಲುತ್ತದೆ. ಅಂಥವರಿಗೆ ಅಂಥವರದೇ ರಕ್ತ ಬೇಕು.

ಡಾಕ್ಟರ್ ಮೇಡಂ ಎಲ್ಲ ಕಡೆ ಫೋನು ಹಚ್ಚಿದರು. ಹುಬ್ಬಳ್ಳಿ ಕಡೆ ಒಬ್ಬ ದಾನಿ ಸಿಕ್ಕ. ಆತ ಬಂದು ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಅಲ್ಲಿಯ ತನಕ ಹುಲಿಗೆಮ್ಮ ತಡೆಯುವ ಭರವಸೆ ಯಾರಿಗೂ ಇರಲಿಲ್ಲ. ಉಳಿದದ್ದು ಒಡಹುಟ್ಟಿದವರು. ಈ ಗುಂಪು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರಬೇಕು. ಹುಲಿಗೆಮ್ಮನ ಅಪ್ಪ ತನ್ನ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ನಮ್ಮ ಕಡೆ ಅದೇನು ವಿಶೇಷವಲ್ಲ. ಅಂಥ ಮನೆಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರುವ ಸಾಧ್ಯತೆ ಉಂಟು.

ಹುಲಿಗೆಮ್ಮನ ಗಂಡ ಗಾದಿಲಿಂಗಪ್ಪನನ್ನು ಕೇಳಿದೆ. “ಒಡಹುಟ್ಟಿದೋರು ಎಷ್ಟ್ ಮಂದಿ ಅದಾರಪಾ?”

“ಇಬ್ರ ಅದಾರ್ರಿ. ಇಬ್ರೂ ಬರಾಕತ್ತಾರ.”

ಬಾದನಹಟ್ಟಿಯಿಂದ ಟೆಂಪೊ ತುಂಬ ಗಂಡಸರು ಬಂದರು. ಅಣ್ಣ, ತಮ್ಮ, ಅವರ ಹಿಂದೆ ಕಾಕಾನ ಮಕ್ಕಳು, ಊರಿನವರು. ಎಲ್ಲರೂ ಅಂಗಿ ತೋಳು ಮಡಚಿ ಸಾಲಾಗಿ ನಿಂತರು. ತಮ್ಮ ಸೂಜಿ ನೋಡಿ ಮುಖ ತಿರುಗಿಸಿದ್ದಕ್ಕೆ ಅಣ್ಣ ಬೈದ: “ಲೇ, ಎತ್ತಿಗೆ ಸೂಜಿ ಹಾಕ್ಸುವಾಗ ಕೊಂಬು ಹಿಡ್ದು ನಿಂದರ್ತಿ, ನಿನಗ ಹಾಕಿದ್ರ ಕಣ್ಣು ಮುಚ್ತೀಯೇನಲೇ?” ಅಂಥ ಹೊತ್ತಿನಲ್ಲೂ ಸಾಲಿನವರು ನಕ್ಕರು. ನಾನೂ ನಕ್ಕಿರಬೇಕು.

ಅಣ್ಣನದು ಬಿ. ತಮ್ಮನದು ಓ, ನಿಜವಾದ ಓ. ಉಳಿದವರದು ಯಾವುದೂ ಹೊಂದಲಿಲ್ಲ.

ಇಷ್ಟೂ ಹೊತ್ತು ಹುಲಿಗೆಮ್ಮನ ಅಕ್ಕ ಈರಮ್ಮ ಹೊರಗೆ ಕೂಸನ್ನು ಹಿಡಿದು ಕೂತಿದ್ದಳು. ಬೆಳಿಗ್ಗೆ ತಂಗಿಯ ಜೊತೆ ಆಂಬುಲೆನ್ಸಿನಲ್ಲೇ ಬಂದವಳು. ಗಾದಿಲಿಂಗಪ್ಪ ಸುಳ್ಳು ಹೇಳಿರಲಿಲ್ಲ. ರಕ್ತ ಕೊಡುವವರು ಎಂದರೆ ಗಂಡಸರು. ಅವನ ಲೆಕ್ಕ ಅಲ್ಲಿಂದಲೇ ಶುರುವಾಗಿತ್ತು. ನಮ್ಮ ರಕ್ತನಿಧಿಯ ಕುರ್ಚಿಯಲ್ಲೂ ಹೆಣ್ಣುಮಕ್ಕಳು ಕೂತದ್ದು ಅಪರೂಪವೇ. ಹೀಗಾಗಿ ಅವನ ಉತ್ತರ ಯಾರಿಗೂ ತಪ್ಪೆನಿಸಲಿಲ್ಲ.

ಆಮೇಲೆ ಆ ಬಾಗಿಲು. ನನ್ನ ನೆನಪಿನಲ್ಲಿ ನಾನು ಮರದ ಹತ್ತಿರ ಹೋಗಿ “ನೀನು ಆಕೀಗೆ ಏನಾಗ್ಬೇಕಮ್ಮ?” ಎಂದು ಕೇಳುತ್ತೇನೆ. ಶಬಾನಾಳ ನೆನಪಿನಲ್ಲಿ ಈರಮ್ಮ ಒಳಗೆ ಬಂದು “ಎಲ್ಲಾರ್ದೂ ನೋಡಿದ್ರಿ. ನಂದು ನೋಡಾಕ ಏನಾಗೈತ್ರಿ?” ಎನ್ನುತ್ತಾಳೆ. ಮುಂದಿನದರಲ್ಲಿ ಮಾತ್ರ ನಮ್ಮಿಬ್ಬರದೂ ಒಂದೇ ಮಾತು. ಗಾದಿಲಿಂಗಪ್ಪ ಅಡ್ಡ ಬಂದ.

“ನಿಂದ್ಯಾಕ ಈರಕ್ಕ? ನೀನೂ ಮಲಗಿಬಿಟ್ರ ಕೂಸಿನ ನೋಡೋರು ಯಾರು?”

“ಕೂಸಿಗೆ ಅವ್ವ ಬೇಕಪಾ. ಹಿಡಿ ಇದನ್ನ.”

ಅವನಿಗೆ ಕೂಸನ್ನು ಹಿಡಿಯಲು ಬರಲಿಲ್ಲ. ಅವಳೇ ಅವನ ಮೊಳಕೈ ಮಡಚಿ, ತಲೆಯ ಕೆಳಗೆ ಕೈ ಕೊಡಿಸಿ ಬಂದು ಕುರ್ಚಿಯಲ್ಲಿ ಕೂತಳು.

ಹೊಂದಿತು. ಟ್ಯೂಬಿನಲ್ಲಿ ಕಣಗಳು ನುಣ್ಣಗೆ ಹರಡಿಕೊಂಡವು. ಶಬಾನಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಆದರೆ ಈರಮ್ಮನ ಹಿಮೋಗ್ಲೋಬಿನ್ ಹತ್ತು. ದಾನಿಗೆ ಹನ್ನೆರಡೂವರೆ ಇರಬೇಕೆಂಬುದು ನಿಯಮ.

“ನಿನಗೇ ರಕ್ತ ಕಡಿಮಿ ಐತಮ್ಮ” ಎಂದರು ಮೇಡಂ.

“ನಾ ಭತ್ತದ ನಾಟಿ ಮಾಡಾಕಿ ಅದೀನ್ರಿ. ನನಗೇನ್ ಆಗಲ್ಲ, ತಗೊಳ್ರಿ.”

ಮೇಡಂ ತಮ್ಮ ಜವಾಬ್ದಾರಿಯ ಮೇಲೆ ಅರ್ಧ ಬ್ಯಾಗ್ ತೆಗೆಯಲು ಹೇಳಿದರು. ಸೋಂಕಿನ ಪರೀಕ್ಷೆಗಳನ್ನು ಅವಸರವಾಗಿ ಮುಗಿಸಿ ಬ್ಯಾಗನ್ನು ನಾನೇ ವಾರ್ಡಿಗೆ ಒಯ್ದೆ. ಹುಲಿಗೆಮ್ಮನ ಮುಖ ನೋಡಿದ್ದು ಆಗಲೇ. ಸುಣ್ಣದ ಬಣ್ಣ. ಮೂಗುತಿ ಇದ್ದ ಕಡೆ ಟೇಪು ಅಂಟಿಸಿದ್ದರು.

ಅಕ್ಕನ ರಕ್ತ ಹನಿಹನಿಯಾಗಿ ಇಳಿಯಿತು. ಬ್ಯಾಗು ಖಾಲಿಯಾದ ಸ್ವಲ್ಪ ಹೊತ್ತಿಗೆ ಹುಲಿಗೆಮ್ಮ ತೀರಿಕೊಂಡಳು. ಹುಬ್ಬಳ್ಳಿಯ ದಾನಿ ಇನ್ನೂ ದಾರಿಯಲ್ಲಿದ್ದ.

ಕೆಲವು ದಿನಗಳ ಮೇಲೆ ಈರಮ್ಮನನ್ನು ಕರೆಸಿ, ಅವಳ ಗುಂಪು ಬರೆದ ಕಾರ್ಡು ಕೊಟ್ಟೆ. ಇದನ್ನು ಯಾವಾಗಲೂ ಜೊತೆಗಿಟ್ಟುಕೋ, ಯಾರಾದರೂ ಓ ಎಂದರೆ ಒಪ್ಪಬೇಡ, ನಿನಗೂ ಇದೇ ರಕ್ತವೇ ಬೇಕು ಎಂದು ವಿವರಿಸಿದೆ. ಕೂಸು ಅವಳ ಹೆಗಲ ಮೇಲೆ ಮಲಗಿತ್ತು.

“ನನ್ನ ರಕ್ತ ಆಕೀಗೆ ಹತ್ತಲಿಲ್ಲೇನ್ರಿ?” ಎಂದು ಕೇಳಿದಳು.

“ಹತ್ತಿತ್ತಮ್ಮ. ಚೆನ್ನಾಗಿ ಹತ್ತಿತ್ತು.”

ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. “ನನಗ ಬೇಕಾದ್ರ ಯಾರ್ ಕೊಡ್ತಾರ್ರಿ? ಕೊಡಾಕಿನ ಹೋದ್ಲಲ್ಲ.”

ದಾನಿಗಳ ಪಟ್ಟಿಯ ಬಗ್ಗೆ ನಾನು ಏನೋ ಹೇಳಿದೆ. ಅವಳು ತಲೆಯಾಡಿಸಿದಳು. ಕೇಳಿಸಿಕೊಂಡಂತೆ ಕಾಣಲಿಲ್ಲ.

ಈಗ ನಿವೃತ್ತನಾಗಿದ್ದೇನೆ. ಆಗಾಗ ತರಬೇತಿಯ ಮಕ್ಕಳಿಗೆ ಪಾಠ ಮಾಡಲು ಕರೆಯುತ್ತಾರೆ. ಸೀರಮ್ಮಿನಿಂದಲೂ ಗುಂಪು ನೋಡುವ ರಿವರ್ಸ್ ಗ್ರೂಪಿಂಗ್ ಬಿಡಬೇಡಿ ಎನ್ನುತ್ತೇನೆ. ಒಡಹುಟ್ಟಿದವರು ಎಷ್ಟು ಮಂದಿ ಎಂದು ಕೇಳಿ ಸುಮ್ಮನಾಗಬೇಡಿ, ರೋಗಿಯ ತಾಯಿ ಹೆತ್ತ ಮಕ್ಕಳು ಎಷ್ಟು, ಅದರಲ್ಲಿ ಹೆಣ್ಣುಮಕ್ಕಳು ಎಷ್ಟು ಎಂದು ಬಿಡಿಸಿ ಕೇಳಿ ಎನ್ನುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ. ಪಾಠ ಮಾಡುವಾಗ ಕಥೆ ಚೊಕ್ಕಟವಾಗಿ ಬರುತ್ತದೆ, ನಾನೇ ಎದ್ದು ಹೋಗಿ ಕರೆದೆ ಎಂದೇ ಬಾಯಿಗೆ ಬರುತ್ತದೆ.

ಬೆಳಿಗ್ಗೆಯೇ ಈರಮ್ಮನ ರಕ್ತ ಪರೀಕ್ಷಿಸಿದ್ದರೆ ತಂಗಿ ಉಳಿಯುತ್ತಿದ್ದಳೇ ಎಂದು ಮೇಡಂ ಅವರನ್ನು ಒಮ್ಮೆ ಕೇಳಿದ್ದೆ. ಅರ್ಧ ಬ್ಯಾಗಿನಿಂದ ಅಷ್ಟು ರಕ್ತ ತುಂಬುವುದಿಲ್ಲ ಎಂದರು, ಆಮೇಲೆ ಹೇಳಲಾಗದು ಎಂದರು. ಈರಮ್ಮ ಕಾರ್ಡು ಇಟ್ಟುಕೊಂಡಿದ್ದಾಳೋ ಇಲ್ಲವೋ ತಿಳಿಯದು. ಆ ಬಾಗಿಲನ್ನು ತೆರೆದದ್ದು ಯಾರೆಂದು ನನಗೆ ಗೊತ್ತಿಲ್ಲ.